ಕೋಳಿ ಬೇಲಿಗೆ ಯಾವ ಕರೆಂಟು?

ನಮ್ಮವ್ವ ತೀರಿಕೊಂಡ ಮೇಲೆ ಶಹಾಪುರದ ತವರಿನಿಂದ ನಾನು ತಂದದ್ದು ಅವಳ ಚುಕ್ಕಿ ಕೋಳಿಗಳನ್ನು ಮಾತ್ರ. ಸೀರೆ, ಪಾತ್ರೆ ತಂಗಿಯರಿಗಿರಲಿ ಎಂದು ಬಿಟ್ಟು, ಬುಟ್ಟಿಗೆ ಸೆರಗು ಮುಚ್ಚಿಕೊಂಡು ಬಸ್ಸು ಹತ್ತಿದೆ.

"ಬುಟ್ಟ್ಯಾಗ ಏನದ ಯವ್ವಾ?" ಎಂದ ಕಂಡಕ್ಟರ್.

"ನನ್ನ ತವರಮಂದಿ ಕುಂತಾರಪ್ಪ" ಎಂದೆ.

ಹುಣಸಗಿ ಕಡೆಗೆ ನಮ್ಮ ಹೊಲದ ಮನೆ, ಕಾಲುವೆಗೆ ಅಂಟಿಕೊಂಡೇ ಇದೆ. ಕಾಲುವೆಗೆ ನೀರು ಬಂದದ್ದೇ ದಂಡೆಯಲ್ಲಿ ಜಾಲಿಕಂಟಿ ಬೆಳೆಯಿತು, ಕಂಟಿಯೊಳಗೆ ಕಾಡುಬೆಕ್ಕು ಸೇರಿತು. ಅದು ಒಂದೊಂದೇ ಕೋಳಿಯನ್ನು ಹೊತ್ತೊಯ್ದಿತು, ಹುಂಜವನ್ನೂ ಬಿಡಲಿಲ್ಲ. ಕೊನೆಗೆ ಒಂದೇ ಹೇಟೆ ಉಳಿಯಿತು. ಅದು ಕಾವಿಗೆ ಕೂತಿತ್ತು. ಅದೂ ಹೋದರೆ ಅವ್ವನ ಅಂಗಳದ ಸಂತಾನವೇ ಮುಗಿದಂತೆ. ಬೆಳಗ್ಗೆ ಅದರ ಸದ್ದು ಕೇಳಿದರೆ ಅವ್ವ ಇನ್ನೂ ಅಲ್ಲೆಲ್ಲೋ ಕಸ ಗುಡಿಸುತ್ತಿದ್ದಾಳೆ ಎನಿಸುತ್ತಿತ್ತು ನನಗೆ.

ಮನೆಯವರು ಉಪಾಯ ಹೇಳಿದರು: "ಮೋಟರಿನ ಲೈನಿಂದ ವೈರ್ ಎಳದು ಬೇಲಿಗೆ ಸಿಗಸ್ತೀನಿ. ಬೆಕ್ಕು ಅಲ್ಲೇ ಮಲಗ್ತದ."

"ಅದರ ಬಾಜೂಕ ನಾನೂ ಮಲಗ್ತೀನ್ರಿ. ಎರಡನೇದಕ್ಕ ಹೆಣ್ಣು ನೋಡಿಟ್ಟೀರೇನು?"

ಸುರಪುರದ ಅಂಗಡಿಗೆ ಹೋದೆವು. ಅಂಗಡಿಯವನು ಝಟಕಾ ಮಷಿನ್ ತೋರಿಸಿದ. ಅದು ಬೇಲಿಗೆ ಬಿಟ್ಟು ಬಿಟ್ಟು ಏಟು ಕೊಡುತ್ತದೆ. ಪ್ರಾಣಿ ಬೆದರಿ ಓಡುತ್ತದೆ, ಸಾಯುವುದಿಲ್ಲ. ಆದರೆ ಆ ಮಷಿನ್ನಿಗೆ ಯಾವ ಕರೆಂಟು ಉಣಿಸಬೇಕು?

"ಲೈನಿಗೆ ಹಚ್ಚಿದ್ರ, ಕರೆಂಟ್ ಹೋದಾಗ ಬೇಲೀನೂ ಸತ್ತಂಗ" ಎಂದ ಅವನು. "ಬರೇ ಬ್ಯಾಟರಿ ಆದ್ರ ಚಾರ್ಜ್ ಮಾಡಸಾಕ ಊರಿಗೆ ಹೊತ್ಕೊಂಡು ಅಡ್ಡಾಡಬೇಕು. ಬ್ಯಾಟರಿ ಜೋಡಿ ಸೋಲಾರ್ ಪ್ಲೇಟ್ ಹಾಕಿದ್ರ, ಬಿಸಿಲಿಗೆ ತಾನೇ ತುಂಬ್ಕೋತದ."

ನಮ್ಮ ಹೊಲಕ್ಕೆ ಕರೆಂಟು ಪಾಳಿಯ ಮೇಲೆ ಬರುತ್ತಿತ್ತು, ಬೆಕ್ಕಿಗೆ ಪಾಳಿ ಇರಲಿಲ್ಲ. ಬ್ಯಾಟರಿ ಹೊರೋಣವೆಂದರೆ ಮನೆಯವರ ಸೊಂಟ ಹಿಡಿದಿತ್ತು.

"ಬಿಸಿಲೊಂದು ನಮ್ಮ ಕಡಿ ಪುಕ್ಕಟ ಅದ. ಅದೂ ಒಂದಿಷ್ಟು ದುಡೀಲಿ" ಎಂದೆ. ಸೋಲಾರ್ ತಂದೆವು.

ಮನೆಯ ತಗಡಿನ ಮೇಲೆ ಪ್ಲೇಟು, ಕೆಳಗೆ ಟಿಕ್ ಟಿಕ್ ಎನ್ನುವ ಮಷಿನ್, ಗೂಡಿನ ಸುತ್ತ ತಂತಿ ಬೇಲಿ. ಸುಖವಾಗಿ ಕೆಲವು ದಿನ ಕಳೆದವು. ಆಮೇಲೊಂದು ಸಂಜೆ ಟಿಕ್ ಟಿಕ್ ಸಣ್ಣಗಾಯಿತು, ನಿಂತೇ ಹೋಯಿತು. ಅಂಗಡಿಯವನು ಹೇಳಿಕೊಟ್ಟಂತೆ ಹಸಿ ಹುಲ್ಲಿನ ಎಸಳನ್ನು ತಂತಿಗೆ ಮುಟ್ಟಿಸಿದೆ. ಬೆರಳು ಜುಂ ಎನ್ನಲಿಲ್ಲ. ಅಂಗಡಿಯವನ ವಂಶವನ್ನೆಲ್ಲ ಬೈದೆ.

ಮರುದಿನ ಮಧ್ಯಾಹ್ನ ಏಣಿ ಹತ್ತಿ ನೋಡಿದರೆ ಪ್ಲೇಟು ನನ್ನ ಕೌದಿ ಹೊದ್ದುಕೊಂಡು ಮಲಗಿತ್ತು!

"ಏನ್ರೀ ಇದು?"

"ಮತ್ತ? ಇಂಥಾ ಉರಿ ಬಿಸಲಾಗ ಹೊಸಾ ಸಾಮಾನು ಸುಟ್ಟು ಹೋಗಂಗಿಲ್ಲೇನು? ಮುಂಜಾನಿ ಎಳಿ ಬಿಸಿಲು ತೋರಸ್ತೀನಿ, ಆಮ್ಯಾಲ ಹೊಚ್ಚತೀನಿ."

"ಎಣ್ಣಿ ಹಚ್ಚಿದ ಕೂಸೇನ್ರಿ ಅದು!"

ನಮ್ಮ ಕಡೆಯ ಬಿಸಿಲಿನಲ್ಲಿ ನೀರಿನ ಕೊಡಕ್ಕೂ ಎತ್ತಿನ ಬೆನ್ನಿಗೂ ಗೋಣಿತಟ್ಟು ಹೊದಿಸಿ ರೂಢಿ. ಬಿಸಿಲಿನಿಂದ ಕಾಪಾಡಬೇಕು ಎಂಬುದಷ್ಟೇ ಅವರಿಗೆ ಗೊತ್ತು. ಬಿಸಿಲನ್ನೇ ಉಣ್ಣುವ ಸಾಮಾನು ಅವರು ಎಲ್ಲಿ ಕಂಡಿದ್ದರು? ಕೌದಿ ತೆಗೆದೆ. ಬ್ಯಾಟರಿ ತುಂಬುವವರೆಗೆ ಬಡಿಗೆ ಹಿಡಿದು ಗೂಡಿನ ಮುಂದೆ ಕೂರುವ ಕೆಲಸ ಅವರಿಗೇ ಬಿತ್ತು. ಸೊಂಟಕ್ಕೆ ಅದೇ ಕೌದಿ ಸುತ್ತಿಕೊಂಡು ಕೂತರು.

ಹೇಟೆ ಉಳಿಯಿತು, ಮರಿ ಮಾಡಿತು. ನೋಡಿದವಳೇ ಕೈ ಒರೆಸಿಕೊಂಡು ಹೊರಗೆ ಓಡಿಬಂದೆ, ಅವ್ವನಿಗೆ ಹೇಳಲು. ಅಂಗಳದ ನಡುವೆ ಬಂದು ನಿಂತ ಮೇಲೆ ನೆನಪಾಯಿತು.

ಅವರು ನೋಡುತ್ತಿದ್ದರು. "ಇಲ್ಲಿ ಬಾ" ಎಂದರು. "ನನ್ನ ಮುಂದ ಹೇಳು. ನಾನೇ ನಿಮ್ಮವ್ವ ಅಂತ ತಿಳ್ಕೋ."

"ನಮ್ಮವ್ವಗ ಮೀಸಿ ಇದ್ದಿಲ್ರಿ."

"ಹೇಳ ನೀ."

ಹೇಳಿದೆ. ಯಾವ ಮರಿ ಕಪ್ಪು, ಯಾವುದಕ್ಕೆ ಚುಕ್ಕಿ, ಯಾವುದು ತತ್ತಿಯೊಡೆದು ಬಂದದ್ದೇ ತನ್ನ ಅಕ್ಕನನ್ನೇ ಕುಕ್ಕಿತು, ಎಲ್ಲ. ಅವರು ಅವ್ವನ ಹಾಗೆಯೇ "ಹೌದಾ? ಹೌದಾ?" ಎನ್ನುತ್ತ ಕೇಳಿದರು.

ಈಗ ಅವರೂ ಇಲ್ಲ. ಇವತ್ತು ಮುಂಜಾನೆ ಮತ್ತೊಂದು ಹೇಟೆ ಮರಿ ಮಾಡಿದೆ. ಅದನ್ನು ಯಾರಿಗಾದರೂ ಹೇಳೋಣವೆಂದೇ ಮೊಮ್ಮಗಳು ಕಲಿಸಿದಂತೆ ಈ ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತುತ್ತಿದ್ದೇನೆ. ಒಂದು ಕಪ್ಪು, ಒಂದು ಕೆಂಚು. ಉಳಿದವಕ್ಕೆಲ್ಲ ಚುಕ್ಕಿ ಇದೆ.