ಬೆಂಡೆಕಾಯಿಯ ಛಾಪಾ

ಬಸವಕಲ್ಯಾಣದ ಪ್ರೆಸ್ಸೊಂದರ ಮೇಲೆ ‘ಛಾಪಖಾನೆ’ ಎಂಬ ಬೋರ್ಡು ನೋಡಿದಾಗಿನಿಂದ, ಪ್ರಿಂಟಿಗೆ ಆ ಕಡೆ ಛಾಪಾ ಎನ್ನುತ್ತಾರೆಂದು ತಿಳಿದುಕೊಂಡಿದ್ದೆ. ಕಾನ್ವೆಂಟಿನಲ್ಲಿ ಓದಿದವಳೆಂದು ಜನ ನಗಬಾರದಲ್ಲ. ಹುಮನಾಬಾದಿನ ಹೆಂಗಸರಿಗೆ, ಮನೆಯ ಸಾಮಾನುಗಳಿಂದಲೇ ಅಚ್ಚೊತ್ತಿ ಉಡುಗೊರೆ ಸುತ್ತುವ ಕಾಗದ ಮಾಡುವುದನ್ನು ಕಲಿಸುವುದು ನನ್ನ ಮೊದಲ ಕೆಲಸ. ಜಾಗ ಕೊಡಲು ಒಪ್ಪಿದ್ದವರು ಶರಣಮ್ಮ. ಹಿಂದಿನ ದಿನ ಅವರ ಗಂಡನ ಕಿರಾಣಿ ಅಂಗಡಿಗೆ ಹೋಗಿ, ಬಾಯಿಪಾಠ ಮಾಡಿಕೊಂಡಿದ್ದನ್ನು ಹೇಳಿ ಬಂದೆ: “ನಾಳೆ ನಿಮ್ಮ ಮನೀಗಿ ಛಾಪಾ ಹಾಕಾಕ ಬರ್ತೀನ್ರಿ. ಮನ್ಯಾಗಿನ ಸಾಮಾನೆಲ್ಲಾ ಹೊರಗ ತೆಗ್ದಿಡ್ರಿ.”

ಮರುದಿನ ಬಾಗಿಲು ಹಾಕಿತ್ತು. ತಟ್ಟಿದರೆ ಒಳಗಿನಿಂದ ಶರಣಮ್ಮನವರ ಗಂಡನದೇ ದನಿ, “ಮಾಲಕರು ಊರಾಗಿಲ್ರಿ.” ಹಿಂದೆಯೇ ಮೂಟೆಯಂಥದ್ದೇನನ್ನೋ ಎಳೆಯುವ ಸದ್ದು. ಹೆಂಗಸರು ಬರುವ ಹೊತ್ತಾಗಿತ್ತು. ನನ್ನ ಮೊದಲ ತರಗತಿ ಹೊಸ್ತಿಲಲ್ಲೇ ಮುಗಿಯಿತೆಂದು ಕಣ್ಣು ತುಂಬಿತು.

ಅಷ್ಟರಲ್ಲಿ ಶರಣಮ್ಮ ಬಾವಿಯಿಂದ ನೀರು ತಂದರು. “ಯಾಕ್ರಿ ಅಕ್ಕೋರ, ಹೊರಗ ನಿಂತೀರಿ?”

ನಾನು ಹೇಳಿದ್ದನ್ನು ಕೇಳಿ ಕೊಡ ಇಳಿಸಿ ನಕ್ಕರು. “ಸರಕಾರದವ್ರು ಅಂಗಡಿ ಮ್ಯಾಲ ದಾಳಿ ಮಾಡೋದಕ್ಕೂ ಛಾಪಾ ಅಂತಾರ್ರಿ. ಏನ್ರೀ, ಬಾಗಲಾ ತೆಗೀರಿ, ನಮ್ಮ ಅಕ್ಕೋರು ಬಂದಾರ.”

ಬಾಗಿಲು ತೆರೆದವರಿಗೆ ನನ್ನ ಚೀಲದಿಂದ ಅಡ್ಡ ಕತ್ತರಿಸಿದ ಬೆಂಡೆಕಾಯಿ, ಬಟ್ಟೆಗೆ ಹಾಕುವ ನೀಲಿ ತೆಗೆದು ತೋರಿಸಿದೆ. “ಇದರಿಂದ್ರಿ,” ಅಂದೆ.

ಅವರು ಉಸಿರು ಬಿಟ್ಟು ಕೂತರು. “ಬೆಂಡಿಕಾಯಿಲೆ ಛಾಪಾ ಹಾಕವ್ರನ್ನ ಇವತ್ತೇ ನೋಡಿದೆ ನೋಡ್ರಿ ತಾಯಿ.”

ಸಂಜೆ ಹೊರಟಾಗ ಶರಣಮ್ಮ ನೀಲಿ ಹೂಗಳ ಮೊದಲ ಹಾಳೆಯಲ್ಲಿ ನನಗೆ ಸಕ್ಕರೆ ಕಟ್ಟಿಕೊಟ್ಟರು. ಊರಲ್ಲೆಲ್ಲೂ ಸಕ್ಕರೆ ಸಿಗದ ದಿನಗಳವು. ಎಲ್ಲಿತ್ತೆಂದು ನಾನು ಕೇಳಲಿಲ್ಲ.