ಪ್ರಾಸಕ್ಕೆ ನಿಲ್ಲದ ‘ಒಲಿದು’

೨೦೦೪ರಲ್ಲಿ ನಾನು ರಾಣೇಬೆನ್ನೂರಿನ ಕಾಲೇಜೊಂದರಲ್ಲಿ ಕನ್ನಡ ಅಧ್ಯಾಪಕನಾಗಿದ್ದೆ. ಛಂದಸ್ಸು ನನ್ನ ವಿಷಯ. ಹುಡುಗರು ಚಹಾ ಕುಡಿಯಲು ಹೋಗುತ್ತಿದ್ದುದು ಆ ಪಿರಿಯಡ್ಡಿನಲ್ಲೇ.

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಬಸಣ್ಣನವರು ತಮ್ಮ ಮನೆತನದ ಹಳೆಯ ಕಥನಕಾವ್ಯವನ್ನು ಅಚ್ಚು ಹಾಕಿಸಲಿದ್ದರು. ಮುನ್ನುಡಿಗೆಂದು ನನ್ನನ್ನು ಮನೆಗೆ ಕರೆಸಿದರು. ಗಂಡ ಸತ್ತಾಗ ಬೆಂಕಿಯ ಕೊಂಡ ಹಾರಿ ಮನೆದೇವರಾದ ಸೊಸೆಯೊಬ್ಬಳ ಕಥೆ ಅದು. ಬಸಣ್ಣನವರ ಮಗ ತೀರಿಕೊಂಡು ವರ್ಷವಾಗಿತ್ತು. ಸೊಸೆ ನೀಲಾಳಿಗೆ ಹಾವೇರಿಯಲ್ಲಿ ಬಿ.ಎಡ್. ಸೀಟು ಸಿಕ್ಕಿದ್ದರೂ ಅವರು ಕಳಿಸಲು ಒಪ್ಪಿರಲಿಲ್ಲ.

“ಆಕಿ ಗಂಡನ ಹಿಂದ ಬೆಂಕಿಗೆ ಹೋದಳ್ರಿ. ಇಕಿಗೆ ಮನ್ಯಾಗ ಕುಂದ್ರಾಕ ಆಗಂಗಿಲ್ಲೇನು?” ಎಂದರು. ನನಗೆ ಮೈಯುರಿಯಿತು.

ಕಾವ್ಯ ಭಾಮಿನಿ ಷಟ್ಪದಿಯಲ್ಲಿತ್ತು. ಆರು ಸಾಲಿನ ಪದ್ಯ; ಮೂರು ಮಾತ್ರೆ, ನಾಲ್ಕು ಮಾತ್ರೆಯ ಗುಂಪುಗಳು ಒಂದಾದ ಮೇಲೊಂದು ಬರುತ್ತವೆ. ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನವಿರಬೇಕು, ಅದೇ ಪ್ರಾಸ. ಕೊಂಡದ ಪದ್ಯದ ಎರಡು ಸಾಲು ಹೀಗಿದ್ದವು:

ಗಳಿಗೆ ನೋಡಿದ ಹಿರಿಯ ಮಾವನು
ಒಲಿದು ಹಾರಿದಳವಳು ಕೊಂಡಕೆ

ಮಾತ್ರೆ ಸರಿಯಾಗಿತ್ತು. ಆದರೆ ಉಳಿದ ಐದೂ ಸಾಲಿನಲ್ಲಿ ‘ಳ’, ಇಲ್ಲಿ ಮಾತ್ರ ‘ಲ’. ಇಡೀ ಕಾವ್ಯದಲ್ಲಿ ಪ್ರಾಸ ತಪ್ಪಿದ್ದು ಇದೊಂದೇ ಕಡೆ.

“ಇಲ್ಲಿ ಯಾರೋ ಪದ ಬದಲಿ ಮಾಡ್ಯಾರ್ರಿ. ‘ಳ’ ಇರಬೇಕಿತ್ತು. ಯಾವ ಪದ ಅಂತ ಛಂದಸ್ಸು ಹೇಳಂಗಿಲ್ಲ” ಎಂದೆ.

“ಒಂದಕ್ಷರಕ್ಕ ಏನಾಕ್ಕೈತ್ರಿ ಸರ?” ಬಸಣ್ಣನವರು ನಕ್ಕರು.

ಅಡುಗೆಮನೆಯ ಬಾಗಿಲಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದ ಅವರ ತಾಯಿ ಗಂಗವ್ವ ತಲೆಯೆತ್ತದೆ ಹಾಡಿದರು:

ಎಳೆದು ನೂಕಿದರವಳ ಕೊಂಡಕೆ

ಮಾತ್ರೆ ಸರಿ, ಪ್ರಾಸ ಸರಿ. ಮಾವ ಮುಹೂರ್ತದ ಗಳಿಗೆ ನೋಡಿದ್ದು ಯಾತಕ್ಕೆಂದು ಆಗ ತಿಳಿಯಿತು. ಮಾತ್ರೆ ಲೆಕ್ಕ ಹಾಕಲು ಮಡಿಚಿದ್ದ ಬೆರಳನ್ನು ಬಿಡಿಸಲೂ ಮರೆತು ಕುಳಿತೆ.

“ಯವ್ವಾ, ಏನ್ ಹಾಡಾಕತ್ತಿ?” ಬಸಣ್ಣನವರು ತಾಯಿಯತ್ತ ತಿರುಗಿದರು.

“ನಮ್ಮತ್ತಿ ಕಲಿಸಿದ್ದು. ಒಳಗ ನಾವು ಹಿಂಗ ಹಾಡ್ತೀವಿ. ನಿಮ್ಮಂಥ ಗಂಡಸರ ಮುಂದ ‘ಒಲಿದು’ ಅಂತೀವಿ.”

ಗಂಗವ್ವ ಕೈ ಒರೆಸಿಕೊಂಡು ಒಳಗೆ ತಿರುಗಿ, “ನೀಲಾ, ಸೀಟು ಬಿಡಬ್ಯಾಡವಾ. ನಾಳೆ ಹಾವೇರಿಗೆ ಹೋಗು, ನಾನೂ ಬರ್ತೀನಿ” ಎಂದರು. ಬಸಣ್ಣನವರು ಬೇಡವೆನ್ನಲಿಲ್ಲ.

ಪದ್ಯದ ಮಾತ್ರೆ ಕೂಡಿದರೆ ಸಾಲದು, ಅದನ್ನು ಯಾರ ಮುಂದೆ ಹಾಡಿದ್ದು ಎಂದೂ ಕೇಳಬೇಕು. ನನ್ನ ಕಸುಬಿಗೆ ಗಂಗವ್ವ ಅಂದು ಇದನ್ನು ಕಲಿಸಿದರು. ಆ ಮನೆಯಲ್ಲಿ ನಿಜ ಗೊತ್ತಿಲ್ಲದವರು ಗಂಡಸರು ಮಾತ್ರ.