ಅಡುಗೆಮನೆಯಿಲ್ಲದ ಹಡಗು

ಆ ಕಾಲಕ್ಕೆ ನಾಸಿಕದಲ್ಲಿ ನಮ್ಮ ಮನೆಯೆಂದರೆ ಹೋಟೆಲಿನ ಹಿಂದಿನ ಎರಡು ಕೋಣೆ. ನನ್ನ ಮರಾಠಿ ಶಾಲೆಯ ಪುಸ್ತಕಕ್ಕೂ ಸಾಂಬಾರಿನ ವಾಸನೆ. ಗಲ್ಲಾದಲ್ಲಿ ದೊಡ್ಡಪ್ಪ, ಒಲೆಯ ಮುಂದೆ ಅಪ್ಪ, ರುಬ್ಬುವ ಕಲ್ಲಿನ ಹತ್ತಿರ ಅಜ್ಜಿ. ಅವಳ ಹಣೆಯಲ್ಲಿ ಕಾಸಗಲ ಕುಂಕುಮ.

ಆ ಕುಂಕುಮದ ಮೇಲೇ ದೊಡ್ಡಪ್ಪನ ಕಣ್ಣು ಬಿದ್ದಿತ್ತು. ಹಡಗಿನ ಅಡುಗೆ ಕೆಲಸಕ್ಕೆಂದು ಮುಂಬಯಿ ಬಂದರಿನಿಂದ ಹೋದ ಅಜ್ಜ ತಿರುಗಿ ಬಂದಿರಲಿಲ್ಲ. ಹನ್ನೆರಡು ವರ್ಷ ಸುದ್ದಿಯಿಲ್ಲದವರ ಹೆಸರಿನಲ್ಲಿ ದರ್ಭೆಯ ಗೊಂಬೆ ಸುಟ್ಟು ಕರ್ಮ ಮುಗಿಸಬೇಕು, ಇಲ್ಲದಿದ್ದರೆ ಮಗಳ ಮದುವೆ ಕೂಡಿಬರದು ಎಂದು ಗೋದಾವರಿ ದಂಡೆಯ ಭಟ್ಟರೊಬ್ಬರು ಅವನ ಕಿವಿಯೂದಿದ್ದರು. ದಿನಾ ನಮ್ಮಲ್ಲೇ ಬಿಟ್ಟಿ ದೋಸೆ ತಿಂದು ಹೇಳಿದ ಶಾಸ್ತ್ರ ಅದು! ಗೊಂಬೆ ಸುಟ್ಟ ದಿನ ಅಜ್ಜಿ ಕುಂಕುಮ ಅಳಿಸಬೇಕು, ಬಳೆ ಒಡೆಯಬೇಕು.

"ಅವರು ಹಡಗು ಹತ್ತಿದ ಜಾಗ ಒಮ್ಮೆ ತೋರಿಸು. ಆಮೇಲೆ ನೋಡುವ," ಎಂದಳು ಅಜ್ಜಿ.

ಸಮುದ್ರ ಕಂಡರೆ ಮುದುಕಿ ಆಸೆ ಬಿಟ್ಟಾಳೆಂದು ದೊಡ್ಡಪ್ಪನ ಲೆಕ್ಕ. ಬಾಳೆಲೆಯಲ್ಲಿ ಇಡ್ಲಿ ಕಟ್ಟಿಕೊಂಡು ರೈಲು ಹತ್ತಿದೆವು. ಘಾಟಿನ ಸುರಂಗ ಬಂದಾಗಲೆಲ್ಲ ನಾವು ಮಕ್ಕಳು ಕೂ ಎಂದು ಕೂಗಿದೆವು.

ದೊಡ್ಡ ಹಡಗುಗಳ ಪ್ರಯಾಣಿಕರು ಹತ್ತಿ ಇಳಿಯುತ್ತಿದ್ದ ಬಂದರಿನ ಕಟ್ಟಡ ಅಷ್ಟರಲ್ಲಿ ವಸ್ತುಸಂಗ್ರಹಾಲಯವಾಗಿತ್ತು. ಥೂ, ಏನು ಸಂಗ್ರಹ! ದೊರೆಗಳು ಉಂಡ ಬೆಳ್ಳಿ ಚಮಚ, ದೊರೆಸಾನಿಯ ಟೋಪಿ, ಕಪ್ತಾನನ ಪೈಪು. ಯಾರದೋ ನಾಯಿಯ ಫೋಟೋಕ್ಕೂ ಗಾಜಿನ ಚೌಕಟ್ಟು. ದೊಡ್ಡಪ್ಪನೋ, ಗುಡಿಗೆ ಬಂದವನ ಹಾಗೆ ಚಪ್ಪಲಿ ಹೊರಗೆ ಬಿಟ್ಟು ಬಂದಿದ್ದ. ನಡುವೆ, ಒಳಗಿನದೆಲ್ಲ ಕಾಣುವಂತೆ ಸೀಳಿದ ಹಡಗಿನ ಮಾದರಿಯಿತ್ತು. ಊಟದ ಹಜಾರ, ಕುಣಿಯುವ ಹಜಾರ, ಈಜುಕೊಳ, ಎಲ್ಲ ಇತ್ತು.

ಅಜ್ಜಿ ಅದನ್ನು ಸುತ್ತಿ ಬಂದು ಕೇಳಿದಳು: "ಅಡುಗೆಮನೆ ಎಲ್ಲುಂಟು?"

ದೊಡ್ಡಪ್ಪ ಹಿಂದಿಯಲ್ಲಿ ವಿಚಾರಿಸಿದ. ಸಮವಸ್ತ್ರದ ಕಾವಲುಗಾರ ನಕ್ಕ. "ಕಿಚನ್ ಕೌನ್ ದೇಖತಾ ಹೈ, ಆಜಿ?"

ಅಡುಗೆಮನೆ ಯಾರಿಗೆ ಬೇಕಂತೆ! ಅಜ್ಜಿಯ ದನಿ ಇಡೀ ಕಟ್ಟಡಕ್ಕೆ ಕೇಳಿಸಿತು. "ಇಷ್ಟು ಜನ ಉಣ್ಣುವ ಹಡಗಿಗೆ ಅಡುಗೆಮನೆ ಇಲ್ವಾ? ಬೇಯಿಸಿ ಹಾಕಿದ್ದು ಯಾರು, ಇವನ ಅಪ್ಪನಾ?"

"ಅಮ್ಮಾ, ಮೆಲ್ಲಗೆ. ಜನ ನೋಡ್ತಾರೆ."

"ನೋಡ್ಲಿ! ನಿನ್ನ ಅಪ್ಪ ಹಡಗಲ್ಲಿ ಇದ್ದದ್ದನ್ನೇ ಇವರು ಒಪ್ಪುದಿಲ್ಲ. ಇರದೇ ಇದ್ದವರು ಸಾಯುದು ಹೇಗೆ ಮಾರಾಯ? ನಾನು ಕುಂಕುಮ ಅಳಿಸುದಿಲ್ಲ. ನಡಿ ಮನೆಗೆ."

ದೊಡ್ಡಪ್ಪನ ಮುಖ ಇಂಗು ತಿಂದ ಮಂಗನದಾಯಿತು. ಮರುದಿನ ದರ್ಭೆ ಹಿಡಿದು ಬಂದ ಭಟ್ಟರಿಗೆ ಅಜ್ಜಿ ಬಾಗಿಲಲ್ಲೇ ಕೈಮುಗಿದು ವಾಪಸು ಕಳಿಸಿದಳು. ಯಾವ ಗೊಂಬೆಯೂ ಸುಡದೆ ದೊಡ್ಡಪ್ಪನ ಮಗಳ ಮದುವೆ ಆಯಿತು. ಮಾನವಿಲ್ಲದ ಆ ಭಟ್ಟರೂ ಬಂದು ಹೋಳಿಗೆಗೆ ಎರಡೆರಡು ಸಲ ತುಪ್ಪ ಹಾಕಿಸಿಕೊಂಡರು.

ಅಜ್ಜಿ ಹೋದಾಗ ಹಸಿರು ಸೀರೆ ಉಡಿಸಿ ಮುತ್ತೈದೆಯಾಗಿಯೇ ಕಳಿಸಿದೆವು. ಈಗ ಮನೆತುಂಬ ಪದವೀಧರರು. ಸ್ತ್ರೀ ಸ್ವಾತಂತ್ರ್ಯದ ಮೇಲೆ ಭಾಷಣ ಬಿಗಿಯುವವರೂ ಇದ್ದಾರೆ, ಪುಣ್ಯಾತ್ಮರು. ಮೊನ್ನೆ ಅಪ್ಪ ತೀರಿಕೊಂಡರು. ಹತ್ತನೆಯ ದಿನ ಅಮ್ಮನ ಬಳೆ ಒಡೆಯುವಾಗ ಅಷ್ಟೂ ಮಂದಿ ಸುತ್ತ ನಿಂತಿದ್ದೆವು. ಅಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಬೇಡ ಎನ್ನಲು ಒಂದು ಬಾಯಿಯೂ ಇರಲಿಲ್ಲ.